ಗುಡ್ಡ ಜರಿದ ಮೇಲೆ ಮಕ್ಕಳನ್ನು ಕೇಳಿದ್ದು: ನನ್ನ ಅನುಭವ

ಮಗುವಿನ ಮನಸ್ಸಿಗೆ ಏನಾಗಿದೆ ಅಂತ ತಿಳಿಯಬೇಕಾದರೆ ಮಗುವನ್ನೇ ಕೇಳಬೇಕು. ಇದರಲ್ಲಿ ಹೇಳೋದೇನಿದೆ ಅನ್ನಿಸಬಹುದು. ಆದರೆ ನನ್ನ ಕೈಗೆ ಬರುವ ಎಷ್ಟೋ ಫೈಲುಗಳಲ್ಲಿ ಅಪ್ಪ ಅಮ್ಮ ಹೇಳಿದ್ದು, ಟೀಚರ್ ಹೇಳಿದ್ದು ಮಾತ್ರ ಇರುತ್ತದೆ. "ಸಿಟ್ಟು ಜಾಸ್ತಿ, ಓದೋದಿಲ್ಲ, ಬೇರೆ ಏನೂ ತೊಂದರೆ ಇಲ್ಲ." ಸಿಟ್ಟು ಎಲ್ಲರಿಗೂ ಕಾಣುತ್ತದೆ, ಸರಿ. ಕಣ್ಣು ಮುಚ್ಚಿದ ಕೂಡಲೇ ಬರೆ (ಗುಡ್ಡದ ಕಡಿದಾದ ಇಳಿಜಾರು) ಜರಿಯುವ ಸದ್ದು ಕೇಳುತ್ತದೆ ಅನ್ನೋದು ಪಕ್ಕದಲ್ಲೇ ಮಲಗಿದ ಅಮ್ಮನಿಗೂ ಗೊತ್ತಾಗೋದಿಲ್ಲ. ಎಷ್ಟೋ ಮಕ್ಕಳು ಬೇಕಂತಲೇ ಹೇಳಿರೋದಿಲ್ಲ. ಅಮ್ಮ ಮೊದಲೇ ಅಳ್ತಾ ಇದಾಳೆ, ಇದನ್ನೂ ಹೇಳಿ ಯಾಕೆ ಅಳಿಸೋದು ಅಂತ.

ನಾನು ಮಕ್ಕಳ ಜೊತೆ ಕೆಲಸ ಮಾಡುವ ಸೈಕಾಲಜಿಸ್ಟ್. 2018ರ ಆಗಸ್ಟಿನ ಮಳೆಗೆ ಮಡಿಕೇರಿ ಸುತ್ತ ಮಕ್ಕಂದೂರು, ಕಾಲೂರು, ಮೊಣ್ಣಂಗೇರಿ, ಜೋಡುಪಾಲದ ಕಡೆ ಗುಡ್ಡಗಳು ಜರಿದವಲ್ಲ, ಆ ಊರುಗಳ ಮಕ್ಕಳನ್ನು ನೋಡುತ್ತಾ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಮಕ್ಕಳ ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ.

ಪರಿಹಾರ ಕೇಂದ್ರಗಳಲ್ಲಿ ಮೊದಲ ಕೆಲವು ವಾರ ನಾನು ಯಾವ ಫಾರಂ ಅನ್ನೂ ಹೊರಗೆ ತೆಗೆಯಲಿಲ್ಲ. ಪಿಟಿಎಸ್‌ಡಿ, ಅಂದರೆ ದೊಡ್ಡ ಆಘಾತದ ನಂತರ ಉಳಿದುಬಿಡುವ ಮಾನಸಿಕ ಕಾಯಿಲೆ, ಅನ್ನಬೇಕಾದರೆ ಲಕ್ಷಣಗಳು ಒಂದು ತಿಂಗಳಿಗಿಂತ ಹೆಚ್ಚು ಕಾಲ ಇರಬೇಕು. ಅದಕ್ಕೆ ಮುಂಚೆ ನಿದ್ದೆಗೆಡುವುದು, ಅಮ್ಮನ ಸೆರಗು ಬಿಡದಿರುವುದು, ಬಿಟ್ಟುಹೋಗಿದ್ದ ಹಾಸಿಗೆ ಒದ್ದೆ ಮಾಡುವ ಅಭ್ಯಾಸ ಮತ್ತೆ ಶುರುವಾಗುವುದು, ಇದೆಲ್ಲ ಅಷ್ಟು ದೊಡ್ಡ ಘಟನೆ ಕಂಡ ಮಗುವಿನಲ್ಲಿ ಇರುವಂಥದ್ದೇ, ಮತ್ತು ಹೆಚ್ಚಿನ ಮಕ್ಕಳು ತಾವಾಗಿಯೇ ಸುಧಾರಿಸಿಕೊಳ್ಳುತ್ತಾರೆ. ಆಗ ಬೇಕಾಗಿರೋದು ಊಟ, ಮಲಗಲು ಜಾಗ, ಮನೆಯವರು ಒಟ್ಟಿಗಿರೋದು, ಆದಷ್ಟು ಬೇಗ ಶಾಲೆ. ನಡೆದದ್ದನ್ನೆಲ್ಲ ಬಿಡಿಸಿ ಹೇಳು ಅಂತ ಮಗುವನ್ನು ಒತ್ತಾಯಿಸುವುದರಿಂದ ಲಾಭವಿಲ್ಲ, ವಿಶ್ವ ಆರೋಗ್ಯ ಸಂಸ್ಥೆಯೂ ಅದು ಬೇಡ ಅನ್ನುತ್ತದೆ. (ಶಿಬಿರಕ್ಕೆ ಬಂದು ಮಕ್ಕಳ ಮುಂದೆ ಮೈಕ್ ಹಿಡಿದು "ಮನೆ ಹೋಯ್ತಲ್ಲ ಪುಟ್ಟ, ಹೇಗನಿಸ್ತಿದೆ?" ಅಂತ ಕೇಳುವವರಿಗೆ ಇದನ್ನು ಯಾರು ಹೇಳಬೇಕು?)

ತಿಂಗಳು ಕಳೆದ ಮೇಲೆ ಶಾಲೆಗಳಲ್ಲಿ ಜರಡಿ ಹಿಡಿಯಲು ಕ್ರೈಸ್-8 ಅನ್ನುವ ಪುಟ್ಟ ಪ್ರಶ್ನಾವಳಿ ಬಳಸಿದೆ. ಎಂಟೇ ಪ್ರಶ್ನೆ, ಕಳೆದ ಏಳು ದಿನಗಳ ಬಗ್ಗೆ. ನಾಲ್ಕು ಪ್ರಶ್ನೆ ಬೇಡ ಅಂದರೂ ನೆನಪು ನುಗ್ಗುವುದರ ಬಗ್ಗೆ, ನಾಲ್ಕು ಆ ನೆನಪಿನಿಂದ ದೂರ ಓಡುವುದರ ಬಗ್ಗೆ. ಉತ್ತರಕ್ಕೆ 0, 1, 3, 5 ಅಂತ ಅಂಕ. ಒಟ್ಟು 17 ಅಥವಾ ಹೆಚ್ಚು ಬಂದರೆ ಆ ಮಗುವನ್ನು ಕೂರಿಸಿಕೊಂಡು ಸರಿಯಾಗಿ ಮಾತಾಡಬೇಕು ಅಂತ ಅರ್ಥ, ಅಷ್ಟೇ. 17 ಬಂತು ಅಂದರೆ ಕಾಯಿಲೆ, 16 ಬಂತು ಅಂದರೆ ಆರೋಗ್ಯ ಅಂತ ಅಲ್ಲ. ಅಂಕವನ್ನೂ ಕಾಯಿಲೆಯನ್ನೂ ಒಂದು ಮಾಡಿಕೊಂಡು ಪಟ್ಟಿ ತಯಾರಿಸುವವರನ್ನು ಕಂಡರೆ ನನಗೆ ಕೋಪ ಬರುತ್ತದೆ.

ಹಾಳೆ ಹಂಚಿ "ತುಂಬಿಸಿ ಕೊಡಿ" ಅನ್ನುವುದನ್ನು ನಾನು ಮಾಡೋದಿಲ್ಲ. ಪಕ್ಕದವನದ್ದನ್ನು ನೋಡಿ ಬರೆಯುತ್ತಾರೆ, ಪರೀಕ್ಷೆ ಅಲ್ವಾ! ಅದೂ ಅಲ್ಲದೆ ಅಲ್ಲಿನ ಒಂದೊಂದು ತರಗತಿಯಲ್ಲೂ ಮನೆಯಲ್ಲಿ ಅರೆಭಾಷೆ, ಕೊಡವ ತಕ್ಕ್, ಮಲಯಾಳ, ತುಳು ಆಡುವ ಮಕ್ಕಳಿದ್ದರು, ಅವರಿಗೆ ಕನ್ನಡ ಶಾಲೆಯ ಭಾಷೆ. ಹಾಗಾಗಿ ಒಬ್ಬೊಬ್ಬರನ್ನೇ ಕೂರಿಸಿಕೊಂಡು ಓದಿ ಹೇಳುತ್ತಿದ್ದೆ. "ಕೆಲವೊಮ್ಮೆ", "ಆಗಾಗ" ಅಂದರೆ ಒಂಬತ್ತು ವರ್ಷದ ಮಗುವಿಗೆ ಏನು ತಿಳಿಯಬೇಕು? ಸೋಮವಾರದಿಂದ ಭಾನುವಾರದವರೆಗೆ ಏಳು ಚೌಕ ಬರೆದು, ಯಾವ್ಯಾವ ದಿನ ಹಾಗಾಯಿತೋ ಅಲ್ಲಿ ಬಟನ್ ಇಡು ಅನ್ನುತ್ತಿದ್ದೆ. ಯಾವಾಗಿನಿಂದ ಅಂತ ತಿಳಿಯಲು ತಾರೀಕು ಕೇಳಿದರೆ ಪ್ರಯೋಜನವಿಲ್ಲ. ಕೈಲ್‌ಪೊಳ್ದ್ ಹಬ್ಬಕ್ಕೆ ಮುಂಚೆಯಾ, ಆಮೇಲಾ? ದಸರಾ ರಜೆಯಲ್ಲೂ ಇತ್ತಾ? ಹೀಗೆ ಕೇಳಿದರೆ ಥಟ್ ಅಂತ ಹೇಳುತ್ತಾರೆ.

ಅಂಕ ಜಾಸ್ತಿ ಬಂದ ಮಕ್ಕಳ ಜೊತೆ ಸಿಪಿಎಸ್‌ಎಸ್-5 ಅನ್ನುವ, ಪಿಟಿಎಸ್‌ಡಿ ಲಕ್ಷಣಗಳನ್ನು ಅಳೆಯುವ ಪ್ರಶ್ನಾವಳಿ ಇಟ್ಟುಕೊಂಡು ಸಂದರ್ಶನ. 8ರಿಂದ 18 ವರ್ಷದವರಿಗೆ ಮಾಡಿದ್ದು ಅದು. ಲಕ್ಷಣಗಳ ಬಗ್ಗೆ 20 ಪ್ರಶ್ನೆ, ಬದುಕಿಗೆ ಎಷ್ಟು ಅಡ್ಡಿಯಾಗಿದೆ ಅಂತ 7 ಪ್ರಶ್ನೆ. ಹಲವರು ಆ ಕೊನೆಯ ಏಳನ್ನು ಗಡಿಬಿಡಿಯಲ್ಲಿ ಮುಗಿಸುತ್ತಾರೆ. ನನಗೆ ಅವೇ ಮುಖ್ಯ. ಕೆಟ್ಟ ಕನಸು ಬಿದ್ದರೂ ಬೆಳಿಗ್ಗೆ ಎದ್ದು ಶಾಲೆಗೆ ಹೋಗಿ ಕಬಡ್ಡಿ ಆಡಿ ಬರುವ ಹುಡುಗನೂ, ಅದೇ ಕನಸಿಗೆ ಹೆದರಿ ಕತ್ತಲಾದರೆ ಬಚ್ಚಲಿಗೂ ಹೋಗದ ಹುಡುಗನೂ ಒಂದೇ ಅಲ್ಲ.

ಮಾತು ಶುರು ಮಾಡುವ ಮುಂಚೆ ಒಂದು ವಿಷಯ ಹೇಳಿಬಿಡುತ್ತೇನೆ: "ನೀನು ಹೇಳಿದ್ದನ್ನು ನಾನು ಯಾರಿಗೂ ಹೇಳೋದಿಲ್ಲ, ಆದರೆ ನಿನಗೆ ಯಾರಾದರೂ ಕೆಟ್ಟದ್ದು ಮಾಡ್ತಿದ್ದರೆ, ಇಲ್ಲ ನಿನಗೆ ಸಾಯಬೇಕು ಅನ್ನಿಸ್ತಿದ್ದರೆ ಮಾತ್ರ ಹೇಳಲೇಬೇಕಾಗುತ್ತೆ." ಇದು ಸುಮ್ನೆ ಔಪಚಾರಿಕತೆಗೆ ಅಲ್ಲ. ಗುಡ್ಡ ಕುಸಿತದ ಬಗ್ಗೆ ಕೇಳಲು ಹೋದರೆ ಮಗು ಬೇರೆಯದನ್ನೇ ಹೇಳಬಹುದು. ಹೈಸ್ಕೂಲಿನ ಒಬ್ಬ ಹುಡುಗಿ, ಮನೆ ಮಣ್ಣಿನಡಿ ಹೋಗಿತ್ತು, ಎಲ್ಲರೂ ಅವಳ ನಡುಕಕ್ಕೆ ಅದೇ ಕಾರಣ ಅಂದುಕೊಂಡಿದ್ದರು. ಅವಳಿಗೆ ಮರುಕಳಿಸುತ್ತಿದ್ದ ನೆನಪಿನಲ್ಲಿ ಮಳೆಯೇ ಇರಲಿಲ್ಲ. ವರ್ಷಗಳಿಂದ ಮನೆಯಲ್ಲಿ ಕುಡಿದು ಹೊಡೆಯುತ್ತಿದ್ದ ಮನುಷ್ಯ ಇದ್ದ. ಅದಕ್ಕೇ "ಇದಲ್ಲದೆ ಬೇರೆ ಯಾವುದಾದರೂ ಘಟನೆ ನಿನ್ನನ್ನು ಹೆದರಿಸಿದೆಯಾ?" ಅಂತ ಎಲ್ಲರನ್ನೂ ಕೇಳುತ್ತೇನೆ. ಲೈಂಗಿಕ ದೌರ್ಜನ್ಯದ ವಿಷಯ ಬಂದರೆ 2012ರ ಪೋಕ್ಸೊ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು, ತಿಳಿಸದಿದ್ದರೆ ನಮಗೇ ಶಿಕ್ಷೆ. ಮಗುವಿಗೆ ಇದು ಮೊದಲೇ ಗೊತ್ತಿರಬೇಕು. ಸಾಯುವ ಯೋಚನೆಯ ಬಗ್ಗೆ ಹದಿಹರೆಯದವರನ್ನು ನೇರವಾಗಿ ಕೇಳುತ್ತೇನೆ. ಕೇಳಿದರೆ ಇಲ್ಲದ ಯೋಚನೆ ತಲೆಗೆ ತುಂಬಿದ ಹಾಗಾಗುತ್ತೆ ಅನ್ನೋದು ಸುಳ್ಳು ಭಯ.

ಆರು ವರ್ಷದವರೆಗಿನ ಮಕ್ಕಳ ಲೆಕ್ಕವೇ ಬೇರೆ, ಮಾನಸಿಕ ಕಾಯಿಲೆಗಳನ್ನು ಗುರುತಿಸಲು ಬಳಸುವ ಡಿಎಸ್‌ಎಂ-5 ಕೈಪಿಡಿಯಲ್ಲಿ ಅವರಿಗೆ ಮಾನದಂಡವೂ ಬೇರೆ. ಅಲ್ಲಿ ಅಮ್ಮನ ಮಾತೂ ಆಟವೂ ಆಧಾರ. 1976ರಲ್ಲಿ ಅಮೆರಿಕದ ಚೌಚಿಲ್ಲಾದಲ್ಲಿ ಶಾಲಾ ಬಸ್ಸಿನಿಂದ 26 ಮಕ್ಕಳನ್ನು ಅಪಹರಿಸಿ, ನೆಲದಡಿ ಹೂತಿಟ್ಟ ಲಾರಿಯಲ್ಲಿ ಕೂಡಿಹಾಕಿದ್ದರು. ಎಲ್ಲರೂ ಬದುಕಿ ಬಂದರು. ಆ ಮಕ್ಕಳನ್ನು ವರ್ಷಗಟ್ಟಲೆ ನೋಡಿದ ಮನೋವೈದ್ಯೆ ಲೆನೋರ್ ಟೆರ್, ಅವರ ಆಟದಲ್ಲಿ ಆ ಘಟನೆಯೇ ಮತ್ತೆ ಮತ್ತೆ ಬರುವುದನ್ನು ದಾಖಲಿಸಿದರು. ಕೊಡಗಿನಲ್ಲೂ ಮಣ್ಣಿನ ಮನೆ ಕಟ್ಟಿ, ನೀರು ಸುರಿದು ಬೀಳಿಸುವ ಆಟ ಕಂಡೆ. ಆಟ ಅಂದಮೇಲೆ ನಗು ಇರಬೇಕು, ಕಥೆ ಬದಲಾಗಬೇಕು, ಒಮ್ಮೆಯಾದರೂ ಜೆಸಿಬಿ ಬಂದು ಯಾರನ್ನೋ ಕಾಪಾಡಬೇಕು. ಅದೇ ಆಟ, ಅದೇ ಕೊನೆ, ಮುಖದಲ್ಲಿ ಖುಷಿಯೇ ಇಲ್ಲ ಅಂದರೆ ನಾನು ಗಮನ ಕೊಡುತ್ತೇನೆ. ಇನ್ನು ಚಿತ್ರ ಬರೆಸಿ, ಕಪ್ಪು ಬಣ್ಣ ಜಾಸ್ತಿ ಇದೆ ಅಂತ ರೋಗ ಹೇಳುವುದು ನನಗೆ ಒಪ್ಪಿಗೆಯಿಲ್ಲ. ಚಿತ್ರ ಮಾತಿಗೆಳೆಯೋಕೆ ಒಳ್ಳೆಯದು, ಅಷ್ಟು ಸಾಕು.

ತೀರಾ ಕಷ್ಟವಾದದ್ದು ಮಳೆಯ ಭಯ. ಮೋಡ ಕಟ್ಟಿದರೆ ಕಿಟಕಿ ಬಳಿ ನಿಲ್ಲುವುದು, ರಾತ್ರಿ ಎದ್ದೆದ್ದು ಬರೆ ನೋಡುವುದು, ಬ್ಯಾಗಿನಲ್ಲಿ ಬಟ್ಟೆ, ಮಾರ್ಕ್ಸ್ ಕಾರ್ಡ್ ತುಂಬಿ ತಲೆದೆಸೆಯಲ್ಲಿ ಇಟ್ಟುಕೊಳ್ಳುವುದು. ಪುಸ್ತಕದ ಪ್ರಕಾರ ಇದು ಅತಿಯಾದ ಎಚ್ಚರ, ಒಂದು ಲಕ್ಷಣ. ಆದರೆ 2019ರ ಆಗಸ್ಟಿನಲ್ಲಿ ವಿರಾಜಪೇಟೆ ಹತ್ತಿರ ತೋರದಲ್ಲಿ, 2020ರ ಆಗಸ್ಟಿನಲ್ಲಿ ತಲಕಾವೇರಿಯಲ್ಲಿ ಮತ್ತೆ ಗುಡ್ಡ ಕುಸಿಯಿತು. ಹಾಗಿರುವಾಗ ಬ್ಯಾಗ್ ತುಂಬಿಟ್ಟ ಹುಡುಗನನ್ನು ರೋಗಿ ಅನ್ನಲೋ ಜಾಣ ಅನ್ನಲೋ? ನಾನು ನೋಡುವುದು ಎರಡು. ಬಿಸಿಲು ಕಾಯುವ ಮಾರ್ಚಿನಲ್ಲೂ ಹೀಗೇ ಇದಾನಾ? ಅಪಾಯವಿಲ್ಲದ ಜಾಗಕ್ಕೆ, ಮೈಸೂರಿನ ಚಿಕ್ಕಮ್ಮನ ಮನೆಗೆ ಹೋದಾಗಲೂ ನಿದ್ದೆ ಇಲ್ಲವಾ? ಎರಡಕ್ಕೂ ಹೌದು ಅಂದರೆ ಅದು ಲಕ್ಷಣ. ಜೂನ್ ಬಂದಾಗ ಮಾತ್ರ ಅಂದರೆ ಬ್ಯಾಗ್ ಇರಲಿ ಬಿಡಿ.

ಗೊಂದಲ ಮಾಡುವ ಇನ್ನೊಂದು, ಗಮನ ಇಲ್ಲ ಅನ್ನುವ ದೂರು. ಎಡಿಎಚ್‌ಡಿ (ಗಮನ ನಿಲ್ಲದ, ಅತಿ ಚಟುವಟಿಕೆಯ ತೊಂದರೆ) ಇರಬೇಕು ಅಂತ ಶಾಲೆಯವರು ಬರೆದು ಕಳಿಸುತ್ತಾರೆ. ಒಂದೇ ಪ್ರಶ್ನೆ ಸಾಕು: ಮಳೆಗಾಲಕ್ಕೆ ಮುಂಚೆ ಹೇಗಿದ್ದ? ಹಳೆಯ ಟೀಚರನ್ನು ಹುಡುಕಿ ಫೋನ್ ಮಾಡಿದರೆ ಹತ್ತು ನಿಮಿಷದಲ್ಲಿ ಉತ್ತರ ಸಿಗುತ್ತದೆ. ಯಾರನ್ನಾದರೂ ಕಳೆದುಕೊಂಡ ಮಕ್ಕಳಲ್ಲಿ ದುಃಖವನ್ನೂ ಆಘಾತವನ್ನೂ ಬೇರೆ ಬೇರೆಯಾಗಿ ಕೇಳಬೇಕು. ಅಜ್ಜಿ ಬೇಕು ಅಂತ ಅಳೋದು ಬೇರೆ, ಅಜ್ಜಿಯನ್ನು ಮಣ್ಣಿನಿಂದ ತೆಗೆದ ದೃಶ್ಯ ಕಣ್ಣ ಮುಂದೆ ಬರೋದು ಬೇರೆ. ಎರಡೂ ಇರಬಹುದು.

ಎಲ್ಲ ಮುಗಿದ ಮೇಲೆ ಮಗುವಿಗೇ ಮೊದಲು ಹೇಳುತ್ತೇನೆ, ಆಮೇಲೆ ಅಪ್ಪ ಅಮ್ಮನಿಗೆ. ಏನು ಹೇಳಬೇಕು, ಏನು ಬೇಡ ಅಂತ ಮಗುವಿನ ಜೊತೆ ಮಾತಾಡಿಕೊಂಡೇ. ತಾಯಿತ ಕಟ್ಟಿಸಿದ್ದರೆ ಬಿಚ್ಚಿ ಅನ್ನೋದಿಲ್ಲ, ಅದರ ಜೊತೆಗೇ ಚಿಕಿತ್ಸೆಗೂ ಬನ್ನಿ ಅನ್ನುತ್ತೇನೆ. ಆಘಾತದ ನೆನಪನ್ನೇ ಹಿಡಿದು ನಿಧಾನವಾಗಿ ಮಾಡುವ ಮಾತಿನ ಚಿಕಿತ್ಸೆಯೇ ಮಕ್ಕಳಿಗೆ ಮೊದಲ ಆಯ್ಕೆ, ಮಾತ್ರೆ ಅಲ್ಲ. ದೂರದ ತೋಟದ ಲೈನ್ ಮನೆಗಳವರಿಗೆ ಈಗ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ನಂಬರ್ ಬರೆದು ಕೊಡುತ್ತೇನೆ, ಕನ್ನಡದಲ್ಲೇ ಮಾತಾಡಬಹುದು. ಶಾಲೆಗೆ ಕೊಡುವ ಚೀಟಿಯಲ್ಲಿ ಅಂಕವನ್ನೂ ಕಾಯಿಲೆಯ ಹೆಸರನ್ನೂ ಬರೆಯೋದಿಲ್ಲ. ಜೋರು ಮಳೆ ಬಂದಾಗ ಬಾಗಿಲ ಹತ್ತಿರ ಕೂರಲು ಬಿಡಿ, ಮನೆಗೆ ಫೋನ್ ಮಾಡಬೇಕು ಅಂದರೆ ಮಾಡಿಸಿ, ಇಷ್ಟು ಬರೆದರೆ ಟೀಚರ್‌ಗಳು ಖಂಡಿತ ಮಾಡುತ್ತಾರೆ.