ಮಾತಾಡುವಾಗಲೇ ಮಾಸ್ಕ್ ಇಳಿಯುತ್ತಿತ್ತು

ಬಳ್ಳಾರಿಯ ಕೌಲ್ ಬಜಾರ್ ಕಡೆ ನಮ್ಮದೊಂದು ಕಿರಾಣಿ ಅಂಗಡಿ. ಹತ್ತು ಅಡಿ ಅಗಲ, ಹದಿನೆಂಟು ಅಡಿ ಉದ್ದ. ಹಿಂದೆ ಮೂಟೆ ಇಡಲು ಒಂದು ಸಣ್ಣ ಕೋಣೆ. ಇರುವವರು ನಾನು, ಕೆಲಸದ ಹುಡುಗ, ಸಂಜೆ ಹೊತ್ತಿಗೆ ನನ್ನ ಹೆಂಡತಿ.

2020ರ ಮಾರ್ಚ್ 25, ಯುಗಾದಿ. ಲಾಕ್‌ಡೌನ್ ಶುರುವಾಗಿದ್ದೂ ಅವತ್ತೇ. ಬೇವುಬೆಲ್ಲ ತಿಂದು ಅಂಗಡಿ ಬಾಗಿಲು ತೆಗೆದೆ. ಕಿರಾಣಿ ಮುಚ್ಚುವ ಹಾಗಿರಲಿಲ್ಲ, ಜನ ಉಣ್ಣಬೇಕಲ್ವಾ. ಅದೇ ತಿಂಗಳು ದೇಶದ ಮೊದಲ ಕೊರೊನಾ ಸಾವು ಕಲಬುರಗಿಯಲ್ಲಿ ಆಗಿತ್ತು. ನಮ್ಮ ಕಡೆಯದೇ ಊರು. ಹೀಗಾಗಿ ಹೆದರಿಕೆ ನಮಗೆ ಟಿವಿಯಿಂದ ಬಂದದ್ದಲ್ಲ.

ಮೆಡಿಕಲ್ ಅಂಗಡಿಯಲ್ಲಿ ಮಾಸ್ಕ್ ಖಾಲಿಯಾಗಿದ್ದವು. ಆದರೆ ಬಳ್ಳಾರಿ ಅಂದರೆ ಜೀನ್ಸ್ ಹೊಲಿಯುವ ಊರು. ನಮ್ಮ ಓಣಿಯಲ್ಲೇ ಒಬ್ಬ ಅಕ್ಕ ಮನೆಯಲ್ಲಿ ಮಷಿನ್ ಇಟ್ಟುಕೊಂಡು ಪ್ಯಾಂಟ್ ಹೊಲಿಯುತ್ತಿದ್ದರು. ಕೆಲಸ ನಿಂತು ಕೂತಿದ್ದರು. ಅವರಿಗೆ ಹೇಳಿದೆ. ಮೊದಲು ಜೀನ್ಸ್ ಬಟ್ಟೆಯಲ್ಲೇ ಹೊಲಿದು ಕೊಟ್ಟರು. ಹತ್ತು ನಿಮಿಷಕ್ಕೆ ಉಸಿರು ಕಟ್ಟಿತು. ಬಿಸಿಲು ಬೇರೆ, ಏಪ್ರಿಲ್‌ನಲ್ಲಿ ನಮ್ಮೂರು ನಲವತ್ತು ಡಿಗ್ರಿ ದಾಟುತ್ತದೆ. ಆಮೇಲೆ ಪ್ಯಾಂಟಿನ ಜೇಬಿಗೆ ಹಾಕುವ ಬಿಳಿ ಬಟ್ಟೆ ತೆಗೆದು ನೋಡಿದರು. ತೆಳು, ಆದರೆ ನೇಯ್ಗೆ ಬಿಗಿ. ಎರಡು ಪದರ ಹಾಕಿ, ಮೂಗಿನ ಹತ್ತಿರ ಹೊಲಿಗೆಯೊಳಗೆ ಸಣ್ಣ ತಂತಿ ಸೇರಿಸಿದರು. ತಂತಿ ಮೂಗಿಗೆ ಒತ್ತಿಕೊಂಡರೆ ಕನ್ನಡಕಕ್ಕೆ ಮಬ್ಬು ಹಿಡಿಯುವುದಿಲ್ಲ, ಗಾಳಿ ಮೇಲಿನಿಂದ ಸೋರುವುದೂ ಕಡಿಮೆ. ಜೂನ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಬಟ್ಟೆ ಮಾಸ್ಕ್‌ಗೆ ಮೂರು ಪದರ ಬೇಕು ಎಂದು ಹೇಳಿದ ಮೇಲೆ ನಾವೂ ಮೂರು ಮಾಡಿದೆವು. ದೀಪ ಹಚ್ಚಿ ಮಾಸ್ಕ್ ಹಾಕಿಕೊಂಡೇ ಊದಿ ನೋಡುತ್ತಿದ್ದೆ. ಆರಿದರೆ ಬಟ್ಟೆ ಸಾಲದು ಅಂತ ಲೆಕ್ಕ.

ಮಾಸ್ಕ್ ಸಿಕ್ಕಿತು, ಜನ ಹಾಕಿಕೊಂಡೂ ಬಂದರು. ಆದರೆ ಒಂದು ವಾರ ಗಮನಿಸಿದಾಗ ನನಗೆ ಬೇರೆಯೇ ವಿಷಯ ಕಾಣಿಸಿತು. ಗಿರಾಕಿ ರಸ್ತೆಯಲ್ಲಿ ಮಾಸ್ಕ್ ಹಾಕಿಕೊಂಡೇ ಬರುತ್ತಾನೆ. ನನ್ನ ಗಲ್ಲಾದ ಮುಂದೆ ನಿಂತು, ಮಾಸ್ಕ್ ಗದ್ದಕ್ಕೆ ಇಳಿಸಿ, "ಸಾವ್ಕಾರ್ರೆ, ಅರ್ಧ ಕೆಜಿ ತೊಗರಿಬ್ಯಾಳೆ ಕೊಡ್ರಿ" ಅನ್ನುತ್ತಾನೆ. ನನಗೆ ಸರಿಯಾಗಿ ಕೇಳಿಸುವುದಿಲ್ಲ. ನಾನೂ ಇಳಿಸಿ "ಎಷ್ಟು?" ಅನ್ನುತ್ತೇನೆ. ಮಾತಾಡುವಾಗ, ಅದರಲ್ಲೂ ಜೋರಾಗಿ ಮಾತಾಡುವಾಗ, ಬಾಯಿಂದ ಹನಿ ಜಾಸ್ತಿ ಹಾರುತ್ತವೆ. ಅಂದರೆ ಮಾಸ್ಕ್ ಬೇಕೇ ಬೇಕಾದ ಹೊತ್ತಿಗೇ ಅದು ಇಬ್ಬರ ಮುಖದಲ್ಲೂ ಇರುತ್ತಿರಲಿಲ್ಲ. "ಮಾಸ್ಕ್ ಇಲ್ಲದವರಿಗೆ ಸಾಮಾನು ಇಲ್ಲ" ಎಂದು ಬರೆದು ಅಂಟಿಸಿದ್ದೆ. ಈ ತಪ್ಪಿಗೆ ಆ ಬೋರ್ಡಿನಿಂದ ಏನೂ ಉಪಯೋಗವಾಗಲಿಲ್ಲ.

ಹಾಗಾಗಿ ಜನರನ್ನು ಗದರುವುದು ಬಿಟ್ಟು, ಅಂಗಡಿಯಲ್ಲಿ ಮಾತನ್ನೇ ಕಡಿಮೆ ಮಾಡಲು ಹೊರಟೆ. ಬೇಳೆ, ಅಕ್ಕಿ, ಎಣ್ಣೆ, ಸಕ್ಕರೆ, ಜೋಳ, ಇವುಗಳ ದರವನ್ನು ಕನ್ನಡ ಮತ್ತು ತೆಲುಗಿನಲ್ಲಿ ದೊಡ್ಡ ಅಕ್ಷರದಲ್ಲಿ ಬರೆದು ಹೊರಗೆ ತೂಗುಹಾಕಿದೆ. ಅರ್ಧ ಮಾತು ದರ ಕೇಳುವುದರಲ್ಲೇ ಹೋಗುತ್ತಿತ್ತು, ಅದು ನಿಂತಿತು. ಬೇಳೆ, ಸಕ್ಕರೆ, ರವೆ ರಾತ್ರಿಯೇ ಕಾಲು, ಅರ್ಧ, ಒಂದು ಕೆಜಿ ಪೊಟ್ಟಣ ಕಟ್ಟಿಟ್ಟೆವು. ಚೀಟಿ ಬರೆದು ತನ್ನಿ, ಇಲ್ಲವೇ ವಾಟ್ಸ್ಆ್ಯಪ್‌ನಲ್ಲಿ ಕಳಿಸಿ ಎಂದು ಎಲ್ಲರಿಗೂ ಹೇಳಿದೆ. ಓದು ಬಾರದವರು ಬೆರಳಿಂದ ತೋರಿಸಿದರೆ ಸಾಕು. ಬಾಗಿಲಿಗೆ ಅಡ್ಡ ಒಂದು ಮೇಜು ಇಟ್ಟೆ, ಗಿರಾಕಿ ಹೊರಗಿನ ಗಾಳಿಯಲ್ಲಿ ನಿಲ್ಲುವಂತೆ. ಫ್ಯಾನಿನ ಮುಖ ಬೀದಿಯ ಕಡೆ ತಿರುಗಿಸಿದ್ದೆ. ಗಾಳಿ ನೇರ ಗಿರಾಕಿಯ ಮುಖಕ್ಕೆ ಹೊಡೆಯುತ್ತದೆ ಎಂದು ಹುಡುಗ ಹೇಳಿದ. ಸರಿ ಎನ್ನಿಸಿ, ಅಂಗಡಿಯ ಕಿಟಕಿಯಿಂದ ಗಾಳಿ ಹೊರಗೆ ಹೋಗುವಂತೆ ಮಾಡಿದೆವು.

ಓಣಿಯಲ್ಲಿ ಒಬ್ಬ ಅಜ್ಜಿ ಇದ್ದಾರೆ, ಕಿವಿ ಮಂದ. ಒಂದು ದಿನ ಬೇಸರದಿಂದ ಹೇಳಿದರು: "ಯಪ್ಪಾ, ನಿನ್ನ ಬಾಯಿ ನೋಡಿದ್ರ ನನಗ ಮಾತು ತಿಳಿತೈತಿ. ಬಟ್ಟೆ ಕಟ್ಕಂಡ್ರ ಹೆಂಗ ತಿಳಿಬೇಕು?" ಇಷ್ಟು ವರ್ಷ ಅವರು ನನ್ನ ತುಟಿ ನೋಡಿ ವ್ಯವಹಾರ ಮಾಡುತ್ತಿದ್ದರು ಎಂಬುದೇ ನನಗೆ ಗೊತ್ತಿರಲಿಲ್ಲ. ತುಂಬಾ ಸಂಕಟವಾಯಿತು. ಮಗಳ ಸ್ಲೇಟು ಬಳಪ ತಂದು ಮೇಜಿನ ಮೇಲಿಟ್ಟೆ. ಅವರಿಗೆ ಅಂಕಿ ಬರುತ್ತಿತ್ತು. ಎಷ್ಟಾಯಿತು ಎಂದು ಬರೆದು ತೋರಿಸಿದರೆ ದುಡ್ಡು ಎಣಿಸಿ ಕೊಡುತ್ತಿದ್ದರು. ಆಮೇಲೆ ಕಿವಿ ಚೆನ್ನಾಗಿರುವವರೂ ಸ್ಲೇಟು ನೋಡಿಯೇ ದುಡ್ಡು ಕೊಡತೊಡಗಿದರು.

ಮಾಸ್ಕ್ ಇಲ್ಲದೆ ಬಂದವರಿಗೆ ಗಲ್ಲಾದ ಪಕ್ಕದ ಡಬ್ಬಿಯಿಂದ ಒಂದು ತೆಗೆದು ಕೊಡುತ್ತಿದ್ದೆ. "ಇಟ್ಕಳ್ರಿ, ಉದ್ರಿ ಬರೆಯಲ್ಲ" ಅಂದರೆ ಯಾರೂ ಮುಖ ಸಿಂಡರಿಸುತ್ತಿರಲಿಲ್ಲ. 2020ರ ಅಕ್ಟೋಬರ್‌ನಲ್ಲಿ ಸರ್ಕಾರ ದಂಡವನ್ನು ಪಾಲಿಕೆ ಊರುಗಳಲ್ಲಿ ಸಾವಿರ ರೂಪಾಯಿಗೆ ಏರಿಸಿ, ಜನ ಬೇಡವೆಂದಾಗ ಕೆಲವೇ ದಿನಕ್ಕೆ 250ಕ್ಕೆ ಇಳಿಸಿತು. ದಂಡದ ಹೆದರಿಕೆಗೆ ಹಾಕಿಕೊಂಡವರು ಪೊಲೀಸರು ಹೋದ ಕೂಡಲೇ ತೆಗೆಯುತ್ತಿದ್ದರು. ನಮ್ಮಲ್ಲಿ ಕೇಳಿ ಪಡೆದವರು ಮಾತ್ರ ಮರುದಿನವೂ ಒಗೆದು ಹಾಕಿಕೊಂಡು ಬಂದರು.

ಬೇಸಿಗೆಯಲ್ಲಿ ಒಂದೇ ಮಾಸ್ಕ್ ದಿನವಿಡೀ ಆಗುವುದಿಲ್ಲ. ಬೆವರಿಗೆ ಒದ್ದೆಯಾದರೆ ಉಸಿರಾಡಲು ಕಷ್ಟ, ಕೈ ತಾನಾಗಿ ಅದನ್ನು ಎಳೆಯುತ್ತದೆ. ನಾವು ತಲಾ ನಾಲ್ಕು ಇಟ್ಟುಕೊಂಡಿದ್ದೆವು. ಸೋಪಿನಲ್ಲಿ ಒಗೆದು ಮಾಳಿಗೆ ಮೇಲೆ ಹಾಕಿದರೆ ಬಳ್ಳಾರಿ ಬಿಸಿಲಿಗೆ ಸ್ವಲ್ಪ ಹೊತ್ತಿನಲ್ಲೇ ಒಣಗುತ್ತಿದ್ದವು.

2021ರ ಏಪ್ರಿಲ್ 27ರಿಂದ ಮತ್ತೆ ಬಿಗಿ. ಕಿರಾಣಿಗೆ ಬೆಳಿಗ್ಗೆ 6ರಿಂದ 10 ಮಾತ್ರ. ದಿನವಿಡೀ ಹಂಚಿಕೊಂಡು ಬರುತ್ತಿದ್ದ ಜನ ನಾಲ್ಕು ಗಂಟೆಯಲ್ಲಿ ಬಂದರು. ಚೀಟಿಗೆ ನಂಬರ್ ಹಾಕಿ, ಬೇವಿನ ಮರದ ನೆರಳಲ್ಲಿ ದೂರ ದೂರ ನಿಲ್ಲಿಸಿ ಕರೆಯುತ್ತಿದ್ದೆವು. ಆಗ ನಾನು ಎನ್‌95 ಹಾಕತೊಡಗಿದೆ. ಐದು ಕೊಂಡು, ದಿನಕ್ಕೊಂದರಂತೆ ಕಾಗದದ ಚೀಲದಲ್ಲಿ ಇಟ್ಟು ತಿರುಗಿಸಿ ಬಳಸಿದೆ. ಅದನ್ನು ಒಗೆಯಬಾರದು. ತಲೆ ಬಾಚಿದ ಹಣಿಗೆ ಕಾಗದದ ಚೂರು ಎಳೆಯುತ್ತದಲ್ವಾ, ಅಂಥದ್ದೇ ವಿದ್ಯುತ್ ಅದರ ಪದರದಲ್ಲಿದ್ದು ಸಣ್ಣ ಕಣ ಹಿಡಿಯುತ್ತದೆ. ಸೋಪು ನೀರಿಗೆ ಹಾಕಿದರೆ ಆ ಶಕ್ತಿ ಹೋಗುತ್ತದೆ.

ಇಷ್ಟೆಲ್ಲಾ ಮಾಡಿಯೂ ಮೇ ತಿಂಗಳಲ್ಲಿ ಹುಡುಗನಿಗೆ ಜ್ವರ ಬಂತು, ಮೂರು ದಿನಕ್ಕೆ ನನಗೂ. ಇಬ್ಬರಿಗೂ ಪಾಸಿಟಿವ್. ಎರಡು ವಾರ ಅಂಗಡಿ ಮುಚ್ಚಿ ಮನೆಯ ಮೇಲಿನ ಕೋಣೆಯಲ್ಲಿ ಮಲಗಿದ್ದೆ. ಮಲಗಿದಲ್ಲೇ ಯೋಚಿಸಿದೆ. ಹತ್ತು ಗಂಟೆಗೆ ಬಾಗಿಲು ಎಳೆದ ಮೇಲೆ ನಾವಿಬ್ಬರೂ ಮೂಟೆ ಕೋಣೆಯಲ್ಲಿ ಎದುರುಬದುರು ಕೂತು, ಮಾಸ್ಕ್ ತೆಗೆದಿಟ್ಟು, ಬುತ್ತಿ ಬಿಚ್ಚಿ ಉಣ್ಣುತ್ತಿದ್ದೆವು. ಕಿಟಕಿ ಇಲ್ಲದ ಕೋಣೆ. ಅರ್ಧ ಗಂಟೆ ಮಾತು. ನೂರಾರು ಗಿರಾಕಿಗಳ ಎದುರು ಕಾಪಾಡಿಕೊಂಡದ್ದನ್ನು ನಾವೇ ಅಲ್ಲಿ ಬಿಟ್ಟುಕೊಟ್ಟಿದ್ದೆವು. ಆ ಹುಡುಗ ನನ್ನ ಮಗನಿದ್ದ ಹಾಗೆ. ಅವನಿಗೆ ಉಸಿರು ಸಿಗದೆ ಆಸ್ಪತ್ರೆಗೆ ಸೇರಿಸಿದ ಆ ನಾಲ್ಕು ರಾತ್ರಿ ನನಗೆ ನಿದ್ದೆ ಇರಲಿಲ್ಲ. ಗುಣವಾಗಿ ಬಂದ.

ಮತ್ತೆ ಬಾಗಿಲು ತೆಗೆದ ದಿನದಿಂದ ಊಟ ಸರದಿ ಮೇಲೆ, ಹಿಂದಿನ ಮೆಟ್ಟಿಲ ಮೇಲೆ, ಬಯಲಲ್ಲಿ. ಈಗಲೂ ಹಾಗೇ. ಗಲ್ಲಾದ ಪಕ್ಕದ ಡಬ್ಬಿಯಲ್ಲಿ ಜೇಬಿನ ಬಟ್ಟೆಯ ಮಾಸ್ಕ್ ಇನ್ನೂ ಇವೆ, ನಮ್ಮಲ್ಲಿ ಯಾರಿಗಾದರೂ ಕೆಮ್ಮು ಬಂದರೆ ತೆಗೆದು ಹಾಕಿಕೊಳ್ಳುತ್ತೇವೆ. ಸ್ಲೇಟು ಅಜ್ಜಿಗಾಗಿ ಮೇಜಿನ ಮೇಲೇ ಇದೆ.