ಒಂದೇ ಬ್ಯಾಡ್ಜಿನ ಎರಡು ಗಾಡಿ

ನಮ್ಮ ಮನೆ ಆಕ್ಸ್‌ಫರ್ಡ್ ಹತ್ತಿರ. ಮುಂದೆ ಎರಡು ಎಂಜಿ ಕಾರು ನಿಂತಿವೆ: ಒಂದು 1972ರ ಎಂಜಿಬಿ ರೋಡ್‌ಸ್ಟರ್, ಅಂದರೆ ಇಬ್ಬರು ಕೂರುವ, ಛಾವಣಿ ತೆರೆಯುವ ಗಾಡಿ, ಇನ್ನೊಂದು ಮನೆಮಂದಿಯೆಲ್ಲ ಹತ್ತುವ ಎಚ್‌ಎಸ್ ಎಸ್‌ಯುವಿ. ಹಳೆಯದು ಇಲ್ಲೇ ಪಕ್ಕದ ಆಬಿಂಗ್ಡನ್‌ನಲ್ಲಿ ತಯಾರಾದದ್ದು. ಆ ಕಾರ್ಖಾನೆ 1980ರಲ್ಲಿ ಮುಚ್ಚಿತು. ಹೊಸದು ಚೀನಾದ ಎಸ್‌ಎಐಸಿ ಕಂಪನಿಯದು. ಯಾವುದು ಚೆನ್ನ ಅಂತ ಕೇಳುವವರಿಗೆ ಸುಮ್ಮನೆ ಬಾಯಿಮಾತು ಹೇಳುವುದೇಕೆ ಅಂತ, ಎರಡನ್ನೂ ಒಂದರ ಹಿಂದೆ ಒಂದು ಎ4074 ರಸ್ತೆಯಲ್ಲಿ ರೆಡಿಂಗ್ ಕಡೆಗೆ ಓಡಿಸಿದೆ. ಭಾನುವಾರ ಬೆಳಿಗ್ಗೆ ಬೇಗ ಹೊರಟರೆ ಆ ತಿರುವುಗಳು ಖಾಲಿ ಇರುತ್ತವೆ.

ಹೊರಡುವ ಮೊದಲು ಲೆಕ್ಕ ಹಾಕಿದ್ದೆ. ಎಂಜಿಬಿಗೆ, ಅಂದರೆ ನಮ್ಮ ಬಿ ಗಾಡಿಗೆ, 1798 ಸಿಸಿ ಎಂಜಿನ್, 95 ಅಶ್ವಶಕ್ತಿ, ತೂಕ ಒಂಬೈನೂರು ಚಿಲ್ಲರೆ ಕೆಜಿ. ಎಚ್‌ಎಸ್‌ಗೆ 1.5 ಲೀಟರ್ ಟರ್ಬೊ, 162 ಅಶ್ವಶಕ್ತಿ, ತೂಕ ಸುಮಾರು ಒಂದೂವರೆ ಟನ್. ಟನ್ನಿಗೆ ಎಷ್ಟು ಅಂತ ಭಾಗಿಸಿದರೆ ಎರಡೂ ನೂರರ ಆಸುಪಾಸು! ಆದರೂ ಸಿಗ್ನಲ್ ಬಿಟ್ಟೊಡನೆ ಎಸ್‌ಯುವಿಯೇ ಮುಂದೆ. ಟರ್ಬೊ ಕಡಿಮೆ ಆರ್‌ಪಿಎಂನಲ್ಲೇ ಎಳೆಯುತ್ತದೆ, ಗೇರು ತಾನೇ ಬದಲಾಗುತ್ತದೆ. ತಣ್ಣಗಿರುವ ಬಿ ಗಾಡಿ ಶುರುವಾಗಲು ಮೊದಲು ಚೋಕ್ ಎಳೆಯಬೇಕು, ಪೆಟ್ರೋಲ್ ಪಂಪು ಟಿಕ್ ಟಿಕ್ ಅನ್ನುವುದು ನಿಲ್ಲುವವರೆಗೆ ಕಾಯಬೇಕು.

ನಿಜವಾದ ವ್ಯತ್ಯಾಸ ಇರುವುದು ಟೈರಿನಲ್ಲಿ. ಬಿ ಗಾಡಿಯದು 165 ಮಿ.ಮೀ. ಅಗಲ, ಎಚ್‌ಎಸ್‌ನದು 235. ಸಣ್ಣ ಟೈರಿಗೆ ರಸ್ತೆಯ ಹಿಡಿತ ಕಡಿಮೆ. ಕಾಡಿನ ನಡುವಿನ ಒಂದು ಎಡತಿರುವಿಗೆ ಎರಡನ್ನೂ ಗಂಟೆಗೆ 40 ಮೈಲಿ ವೇಗದಲ್ಲೇ ಬಿಟ್ಟೆ. ಎಚ್‌ಎಸ್‌ನಲ್ಲಿ ಸ್ಟೀರಿಂಗ್ ಬೆರಳಲ್ಲೇ ತಿರುಗಿತು, ಗಾಡಿ ಕೊಂಚ ವಾಲಿತು, ಅಷ್ಟೇ. ಬಿ ಗಾಡಿಯಲ್ಲಿ ಅದೇ ತಿರುವಿಗೆ ಸ್ಟೀರಿಂಗ್ ಭಾರವಾಗಿ ಅಂಗೈಯನ್ನು ತಳ್ಳಿತು, ರಸ್ತೆಯ ತೇಪೆ ಕೂಡ ಬೆರಳಿಗೆ ತಿಳಿಯಿತು, ಹಿಂದಿನ ಪಟ್ಟಿ ಸ್ಪ್ರಿಂಗು (ಲೀಫ್ ಸ್ಪ್ರಿಂಗ್) ಒಂದು ಉಬ್ಬಿಗೆ ಪಕ್ಕಕ್ಕೆ ಕುಪ್ಪಳಿಸಿತು. ವೇಗದ ಮಿತಿಯೊಳಗೇ ಬೆವರಿಳಿಸುವ ಗಾಡಿ ಅದು. ಇಷ್ಟು ಖುಷಿ ಎಸ್‌ಯುವಿಯಲ್ಲಿ ಬೇಕೆಂದರೆ ಲೈಸೆನ್ಸ್ ಉಳಿಯಲಿಕ್ಕಿಲ್ಲ.

ಬ್ರೇಕ್ ವಿಷಯದಲ್ಲಿ ಮಾತ್ರ ವಾದವೇ ಇಲ್ಲ. ಬಿ ಗಾಡಿಗೆ ಹಿಂದೆ ಡ್ರಮ್ಮು, ಎಬಿಎಸ್ ಇಲ್ಲ, ಏರ್‌ಬ್ಯಾಗಂತೂ ಕೇಳಲೇಬೇಡಿ. ಮಳೆ ಹನಿದರೆ ಮುಂದಿನ ಗಾಡಿಯಿಂದ ದುಪ್ಪಟ್ಟು ದೂರ ಬಿಡುತ್ತೇನೆ. ಊರಿಂದ ಅಪ್ಪ ಬಂದಾಗಲೂ ಎಚ್‌ಎಸ್ಸೇ ಗತಿ. ಅದರ ಸೀಟು ಅವರ ಸೊಂಟದ ಎತ್ತರಕ್ಕಿದೆ. ಬಿ ಗಾಡಿಯಿಂದ ಇಳಿಯುವಾಗ ಅವರು, "ಏನೋ ಇದು, ನೆಲದ ಮೇಲೇ ಕೂರಿಸಿದೀಯಲ್ಲೋ, ಕೈ ಕೊಡು" ಅಂದಿದ್ದರು.

ಖರ್ಚಿನಲ್ಲಿ ಹಳೆಯದು ಅಷ್ಟೇನೂ ದುಬಾರಿಯಲ್ಲ. 40 ವರ್ಷ ದಾಟಿದ ಗಾಡಿಗೆ ಇಲ್ಲಿ ರಸ್ತೆ ತೆರಿಗೆ ಕಟ್ಟಬೇಕಿಲ್ಲ, ಬಿಡಿಭಾಗವೂ ಧಾರಾಳವಾಗಿ ಸಿಗುತ್ತದೆ. ಶತ್ರುವೆಂದರೆ ತುಕ್ಕು. ಈ ಗಾಡಿಗೆ ಅಡಿಯಲ್ಲಿ ಬೇರೆ ಚಾಸಿ (ಚೌಕಟ್ಟು) ಇಲ್ಲ, ಬಾಗಿಲ ಕೆಳಗಿನ ಸಿಲ್‌ಗಳೇ ಬೆನ್ನೆಲುಬು. ಕೊಳ್ಳುವವರು ಬಣ್ಣ ನೋಡಿ ಮರುಳಾಗದೆ ಮೊದಲು ಅವನ್ನು ತಟ್ಟಿ ನೋಡಿ. ಮಂಜುಗಡ್ಡೆ ಕಟ್ಟದಿರಲೆಂದು ರಸ್ತೆಗೆ ಉಪ್ಪು ಸುರಿಯುವ ಚಳಿಗಾಲದಲ್ಲಿ, ತುಕ್ಕಿಗೆ ಹೆದರಿ, ನಾನಂತೂ ಬಿ ಗಾಡಿಯನ್ನು ಹೊರಗೆ ತೆಗೆಯುವುದಿಲ್ಲ.