ಊರಿನ ಕೆರೆ, ಕಾಲುವೆಗಳ ಒತ್ತುವರಿ ತಡೆಯುವ ಬಗೆ

ದೂರು ಬರೆಯುವ ಮೊದಲು ದಾಖಲೆಗಳು ಕೈಯಲ್ಲಿರಬೇಕು. ಗ್ರಾಮ ನಕಾಶೆಯಲ್ಲಿ ಕೆರೆಯ ಸರ್ವೆ ನಂಬರನ್ನು ಗುರುತಿಸಿ, ಪಹಣಿ ಮತ್ತು ಆಕಾರಬಂದ್‌ (ಸರ್ವೆ ನಂಬರಿನ ವಿಸ್ತೀರ್ಣ, ಕಂದಾಯ ತೋರಿಸುವ ಸರ್ವೆ ದಾಖಲೆ) ಗಳಲ್ಲಿರುವ ವಿಸ್ತೀರ್ಣವನ್ನು ತಾಳೆ ನೋಡಿ. ಕೆರೆಗೆ ನೀರು ತರುವ ಹಳ್ಳ, ರಾಜಕಾಲುವೆಗಳು ಎಷ್ಟೋ ಕಡೆ ಪಕ್ಕದ ಹಿಡುವಳಿ ಜಮೀನಿನ ಸರ್ವೆ ನಂಬರಿನೊಳಗೇ ‘ಬಿ ಖರಾಬು’ ಎಂದು ನಮೂದಾಗಿರುತ್ತವೆ. ಆ ಗುಂಟೆಗಳು ಸಾರ್ವಜನಿಕ ಉದ್ದೇಶಕ್ಕೆ ಮೀಸಲಾದವೇ ಹೊರತು ಜಮೀನುದಾರನವಲ್ಲ. ಕೆರೆಯಂಗಳವನ್ನಷ್ಟೇ ಕಾಯುವವರು ಸಾಮಾನ್ಯವಾಗಿ ಸೋಲುವುದು ಇಲ್ಲಿಯೇ.

ಬಳಿಕ ತಹಶೀಲ್ದಾರರಿಗೆ ಲಿಖಿತ ಅರ್ಜಿ ಕೊಟ್ಟು, ಸ್ವೀಕೃತಿ ಪಡೆದು, ಸರ್ಕಾರಿ ಭೂಮಾಪಕರಿಂದ ಅಳತೆ ಮಾಡಿಸಬೇಕು. ಅರ್ಜಿಯಲ್ಲಿ ಯಾವ ಕಾನೂನನ್ನು ಉಲ್ಲೇಖಿಸುತ್ತೀರಿ ಎಂಬುದೂ ಮುಖ್ಯ. ಕೇಂದ್ರದ 2017ರ ಜೌಗುಭೂಮಿ ನಿಯಮಗಳು ನೀರಾವರಿಗಾಗಿ ಅಥವಾ ಕುಡಿಯುವ ನೀರಿಗಾಗಿ ಕಟ್ಟಿದ ಜಲಾಶಯಗಳನ್ನು ಹೊರಗಿಟ್ಟಿರುವುದರಿಂದ, ನಮ್ಮ ಬಹುಪಾಲು ಹಳ್ಳಿಯ ಕೆರೆಗಳಿಗೆ ಅವು ಒದಗುವುದಿಲ್ಲ. ಆದ್ದರಿಂದ ಕರ್ನಾಟಕ ಕೆರೆ ಸಂರಕ್ಷಣೆ ಮತ್ತು ಅಭಿವೃದ್ಧಿ ಪ್ರಾಧಿಕಾರ ಅಧಿನಿಯಮ, 2014ನ್ನೂ, ಸರ್ಕಾರಿ ಜಮೀನಿನ ಒತ್ತುವರಿಯನ್ನು ಅಪರಾಧವೆನ್ನುವ ಕರ್ನಾಟಕ ಭೂಕಂದಾಯ ಅಧಿನಿಯಮದ 192-ಎ ಸೆಕ್ಷನ್ನನ್ನೂ ಆಧರಿಸುವುದು ಲೇಸು.

ಅಳತೆಗೆ ಬೇಸಿಗೆಯೇ ಸೂಕ್ತ. ನೀರಿಳಿದ ಅಂಚಿನಲ್ಲಿ ಉಳುಮೆ, ಮಣ್ಣು ತುಂಬಿಸುವಿಕೆ ಶುರುವಾಗುವುದೂ ಆಗಲೇ. ಗಡಿಕಲ್ಲು ನೆಡಿಸಿದ ಕೂಡಲೇ ನಕ್ಷೆಯ ಪ್ರತಿಯನ್ನು ಪಂಚಾಯಿತಿಯ ಕಡತಕ್ಕೆ ಸೇರಿಸಿ, ಗ್ರಾಮಸಭೆಯ ನಡಾವಳಿಯಲ್ಲಿ ಕಲ್ಲುಗಳ ಸಂಖ್ಯೆ ಮತ್ತು ಸ್ಥಳವನ್ನು ಬರೆಸಿ.